ಎರಡನೆಯ ಗುಂಡು

೨೦೧೪ರಲ್ಲಿ, ಕೋವಿಗಳಿಗೆ ಪೂಜೆ ಮಾಡುವ ನಮ್ಮ ಕೈಲ್ ಮುಹೂರ್ತದ ಹಬ್ಬ ಹತ್ತಿರವಿದ್ದಾಗ ನಡೆದದ್ದು. ಆಗ ನಾನು ದುಬೈಯ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಆಗಿದ್ದೆ. ಬರ್ ದುಬೈಯಲ್ಲಿ ಬೆಡ್‌ಸ್ಪೇಸ್ ಹಿಡಿದಿದ್ದೆ. ಹಂಚಿಕೊಂಡ ರೂಮಿನಲ್ಲಿ ಒಂದು ಮಂಚ, ಅರ್ಧ ಕಪಾಟು, ಅಷ್ಟೇ ನನ್ನದು. ಗುರುವಾರ ಬೆಳಿಗ್ಗೆ ಕೊಡಗಿನಿಂದ ತಮ್ಮನ ಫೋನ್ ಬಂತು.

"ಅಕ್ಕಾ, ದೊಡ್ಡಪ್ಪ ಹೋದ್ರು."

ನನ್ನ ಪಾಸ್‌ಪೋರ್ಟ್ ವೀಸಾ ಸ್ಟ್ಯಾಂಪಿಂಗ್‌ಗೆಂದು ಹೋಗಿತ್ತು. ಆಫೀಸಿನಲ್ಲಿ ಅತ್ತು ಕೇಳಿದರೂ "ಬುಕ್ರಾ, ಬುಕ್ರಾ" ಅಂದರು. ನಾಳೆ ಅಂತೆ. ನಾಳೆ ಹೋಗಿ ನಾನು ಯಾರ ಮುಖ ನೋಡಲಿ?

ನಮ್ಮ ಕಡೆ ಗಂಡು ಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು ಹೊಡೆಯುತ್ತಾರೆ. ಸಾವಾದರೆ ಎರಡು, ಒಂದರ ಬೆನ್ನಿಗೆ ಒಂದು. ಜೋಡಿ ಗುಂಡು ಕೇಳಿದ ಕೂಡಲೇ ಅಕ್ಕಪಕ್ಕದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ. ಅಂಗಳಕ್ಕೆ ಕಾಲಿಡುತ್ತಲೇ ಕೇಳುವುದು ಒಂದೇ ಮಾತು: "ಯಾರು?"

ನನಗೆ ಕೋವಿ ಹಿಡಿಯಲು ಕಲಿಸಿದ್ದು ದೊಡ್ಡಪ್ಪ. ಹಬ್ಬದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಯಲ್ಲಿ ಅವರ ಜೋಡಿನಳಿಗೆ ಕೋವಿಯದೇ ದರ್ಬಾರು. ನಾನು ದುಬೈ ಸಂಬಳದಲ್ಲಿ ಊರಿನಲ್ಲಿ ಪಂಪ್ ಆಕ್ಷನ್ ಕೋವಿ ತೆಗೆದುಕೊಂಡಾಗ ಅವರಿಗೆ ಮುಖ ಸಿಂಡರಿಸಿದಷ್ಟೂ ಸಾಲದು. ನನ್ನದು ಹಗುರ, ಒಂದು ಸಲ ತುಂಬಿದರೆ ಸಾಲಾಗಿ ಹೊಡೆಯಬಹುದು, ಗದ್ದೆಗೆ ಬಂದ ಹಂದಿ ಹೆದರಿಸಲು ಅದೇ ಸರಿ ಎಂದು ನನ್ನ ವಾದ. ಆದರೆ ಪ್ರತಿ ಗುಂಡಿಗೂ ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು. ಅರ್ಧಂಬರ್ಧ ಎಳೆದರೆ ತೋಟಾ ಸಿಕ್ಕಿಹಾಕಿಕೊಳ್ಳುತ್ತದೆ. ದೊಡ್ಡಪ್ಪನ ಕೋವಿಗೆ ಎರಡು ಕುದುರೆ, ನಳಿಗೆಗೊಂದು ಟ್ರಿಗರ್. ಬೆರಳು ಸರಿಸಿದರೆ ಎರಡನೆಯ ಗುಂಡು ಹಾರಿಯೇ ಬಿಡುತ್ತದೆ.

"ನಿನ್ನ ಈ ಪಂಪಿನಲ್ಲಿ ಬಾವಿ ನೀರು ಸೇದು ಮಗಾ," ಎಂದು ನಗುತ್ತಿದ್ದರು. "ಎರಡನೇ ಗುಂಡಿಗೆ ಮುಂಚೆ ಯೋಚನೆ ಮಾಡೋ ಕೋವಿ ಇದು."

ತಮ್ಮ ಅವರ ಕೋವಿಯಲ್ಲೇ ಜೋಡಿ ಗುಂಡು ಹೊಡೆದನಂತೆ. ಊರೆಲ್ಲ ಬಂತಂತೆ. ನಾನು ಕೌಂಟರಿನಲ್ಲಿ ಕೂತು ರೋಗಿಗಳಿಗೆ ಟೋಕನ್ ಕೊಡುತ್ತಿದ್ದೆ. ರೂಮಿನಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಇಂಗ್ಲಿಷಿನಲ್ಲಿ "ಸಾರಿ" ಅನ್ನುತ್ತಾರೆ, ನಾನು "ಥ್ಯಾಂಕ್ಸ್" ಅನ್ನಬೇಕು. ಅದು ನನಗೆ ಬೇಡವಾಗಿತ್ತು.

ಶುಕ್ರವಾರ ರಜೆ. ಟ್ಯಾಕ್ಸಿ ಹಿಡಿದು ಊರಾಚೆಯ ಮರಳಿನಲ್ಲಿದ್ದ ಶೂಟಿಂಗ್ ಕ್ಲಬ್ಬಿಗೆ ಹೋದೆ. ದೊಡ್ಡಪ್ಪನಿಗೆ ನನ್ನ ಕೈಯಿಂದ ಎರಡು ಗುಂಡು ಸಲ್ಲಬೇಕು ಎಂಬುದೊಂದೇ ಹಟ. ಜೋಡಿನಳಿಗೆಯವನ್ನೆಲ್ಲ ಒಂದು ದೊಡ್ಡ ಗುಂಪು ತೆಗೆದುಕೊಂಡಿತ್ತು. ಉಳಿದದ್ದು ಪಂಪ್ ಮಾತ್ರ. ಆ ದುಃಖದಲ್ಲೂ ನಗು ಬಂತು.

ಅಲ್ಲಿ ಕಲಿಸುತ್ತಿದ್ದವರು ಪೇಶಾವರ ಕಡೆಯ, ನೆರೆತ ಗಡ್ಡದ ಒಬ್ಬ ಪಠಾಣರು. ಹೊಸಬರಿಗೆ ಒಂದು ಸಲಕ್ಕೆ ಒಂದೇ ತೋಟಾ, ಅದೂ ಯಂತ್ರ ಚಿಮ್ಮಿಸುವ ಮಣ್ಣಿನ ಬಿಲ್ಲೆಗೇ ಹೊಡೆಯಬೇಕು ಎಂದರು. ನನ್ನ ಹರುಕುಮುರುಕು ಹಿಂದಿಯಲ್ಲಿ, ನನಗೆ ಬಿಲ್ಲೆ ಬೇಡ, ಒಟ್ಟಿಗೆ ಎರಡು ತೋಟಾ ಬೇಕು, ನಮ್ಮ ಮನೆಯಲ್ಲಿ ಸಾವಾಗಿದೆ, ನಮ್ಮಲ್ಲಿ ಹೀಗೆ ಮಾಡುತ್ತಾರೆ ಎಂದೆ. ಅವರು ನಾನು ಕೋವಿ ಹಿಡಿದ ರೀತಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಿಲ್ಲೆಯ ಯಂತ್ರದವನಿಗೆ ನಿಲ್ಲಿಸು ಎಂದು ಕೈಸನ್ನೆ ಮಾಡಿ, ತಾವೇ ಎರಡು ತೋಟಾ ತುಂಬಿದರು.

ಮೊದಲ ಗುಂಡು ಹಾರಿತು. ಮರಳುಗಾಡು ಆ ಸದ್ದನ್ನು ನುಂಗಿಬಿಟ್ಟಿತು. ನಮ್ಮಲ್ಲಾದರೆ ಬೆಟ್ಟ ತಿರುಗಿ ಕೂಗುತ್ತದೆ.

ಇನ್ನು ಹಿಡಿ ಎಳೆಯಬೇಕಿತ್ತು. ನನ್ನ ಕೈ ಏಳಲಿಲ್ಲ. ಒಂದೇ ಗುಂಡಿಗೆ ನಿಲ್ಲಿಸಿದರೆ ಯಾರೂ ಸತ್ತಿಲ್ಲ, ಎಲ್ಲೋ ಒಂದು ಮಗು ಹುಟ್ಟಿದೆ, ಅಷ್ಟೇ. ಎರಡನೆಯದು ಹಾರಿದರೆ ದೊಡ್ಡಪ್ಪ ನಿಜವಾಗಿಯೂ ಹೋದರು. ಜೋಡಿನಳಿಗೆಯಾಗಿದ್ದರೆ ಇದನ್ನೆಲ್ಲ ಯೋಚಿಸಲು ಪುರಸೊತ್ತೇ ಇರುತ್ತಿರಲಿಲ್ಲ. ದೊಡ್ಡಪ್ಪ ಹೇಳಿದ್ದು ಸರಿಯಾಗಿತ್ತು. ಕಣ್ಣು ಮಂಜಾಗಿ ಮುಂದೇನೂ ಕಾಣಲಿಲ್ಲ.

ಪಠಾಣರು ಅವಸರಪಡಿಸಲಿಲ್ಲ. ನಳಿಗೆ ಕೆಳಗಿಳಿಯದಂತೆ ಮೊಣಕೈಗೆ ಆಸರೆ ಕೊಟ್ಟು, "ಆರಾಮ್ ಸೇ, ಬೇಟಿ," ಎಂದರು.

ಹಿಡಿಯನ್ನು ಪೂರ್ತಿ ಹಿಂದಕ್ಕೆಳೆದೆ. ಖಾಲಿ ತೋಟಾ ಮರಳಿಗೆ ಬಿತ್ತು. ಮುಂದಕ್ಕೆ ತಳ್ಳಿ ಎರಡನೆಯದನ್ನೂ ಹೊಡೆದೆ.

ಯಾರು ಬರುತ್ತಾರೆ ಅಲ್ಲಿ? ಪಕ್ಕದ ಗುಂಪಿನವರು ಫೋಟೋ ತೆಗೆದುಕೊಳ್ಳುತ್ತಿದ್ದರು. ಅಷ್ಟು ಒಂಟಿತನ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಪಠಾಣರು ಕೋವಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೆಲ್ಲಗೆ ಕೇಳಿದರು.

"ಕೌನ್ ಥಾ, ಬೇಟಿ?"

ಯಾರು, ಎಂದು. ನಮ್ಮ ಪದ್ಧತಿಯ ಆ ಭಾಗವನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಜೋರಾಗಿ ಅತ್ತುಬಿಟ್ಟೆ. ಅತ್ತು ಮುಗಿಸಿ, ಮನೆ ಹೆಸರನ್ನೂ ಸೇರಿಸಿ ದೊಡ್ಡಪ್ಪನ ಪೂರ್ತಿ ಹೆಸರು ಹೇಳಿದೆ. ಅವರು ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡು, ಬಾಯಲ್ಲೇ ಏನೋ ಪ್ರಾರ್ಥನೆ ಹೇಳಿದರು.

ಈಗ ಯಾರ ಮನೆಯ ಸಾವಿನ ಸುದ್ದಿ ಕೇಳಿದರೂ ನಾನು ಸಮಾಧಾನದ ಮಾತು ಹುಡುಕುತ್ತಾ ಕೂರುವುದಿಲ್ಲ. ಹತ್ತಿರ ಹೋಗಿ, "ಯಾರು?" ಎಂದು ಕೇಳುತ್ತೇನೆ.