ಹೊಂಗೆ ನೆರಳಿನ ಇಸ್ತ್ರಿಪೆಟ್ಟಿಗೆ

ಸೈಬರ್ ಕೆಫೆಯಲ್ಲಿ ಕೂತು ಬರೆಯುತ್ತಿದ್ದೇನೆ ಗೆಳೆಯರೇ, ಮನೆಗೆ ಹೋಗಲು ಮನಸ್ಸಿಲ್ಲ.

ದಟ್ಟಗಳ್ಳಿಯ ನಮ್ಮ ಬೀದಿಯಲ್ಲಿ, ಹೊಂಗೆ ಮರದಡಿ, ಮಹದೇವಮ್ಮ ಇದ್ದಿಲಿನ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡುತ್ತಾರೆ. ಬೆಳಿಗ್ಗೆ ನಾನು ಬಟ್ಟೆ ಕೊಡುತ್ತಿದ್ದಾಗ ಬಡಾವಣೆ ಸಂಘದ ಅಧ್ಯಕ್ಷರು ಬಂದರು. ಸಂಜೆ ಜಾಗತಿಕ ತಾಪಮಾನದ ಬಗ್ಗೆ ಅವರ ಭಾಷಣವಿತ್ತು.

"ಬೀದೀಲಿ ಹೊಗೆ ಇರಬಾರ್ದು ಅಂತ ಸಂಘದಲ್ಲಿ ತೀರ್ಮಾನ ಆಗಿದೆ ಕಣಮ್ಮ. ಇವತ್ತಿಂದ್ಲೇ ಇದ್ದಿಲು ಬಂದ್. ಕರೆಂಟ್ ಪೆಟ್ಟಿಗೆ ತಗೊಳ್ಳಿ."

"ಮರದಡೀಲಿ ಕರೆಂಟ್ ಎಲ್ಲೈತೆ ಬುದ್ಧಿ? ನಿಮ್ಮನೆಯಿಂದ ಒಂದು ವೈರ್ ಎಳ್ಕೊಡ್ತೀರಾ?"

ಅಧ್ಯಕ್ಷರು ವಾಚು ನೋಡಿಕೊಂಡರು.

ಮಹದೇವಮ್ಮ ಬಟ್ಟೆಗೆ ಚಿಮುಕಿಸುವ ಚೊಂಬಿನ ನೀರನ್ನು ಹಾಗೇ ಕೆಂಡದ ಮೇಲೆ ಸುರಿದುಬಿಟ್ಟರು. ಬುಸ್ಸೆಂದು ಹೊಗೆ ಎದ್ದಿತು. ಮೇಜಿನ ಮೇಲಿದ್ದದ್ದು ಅಧ್ಯಕ್ಷರು ಭಾಷಣಕ್ಕೆ ತೊಡಬೇಕಿದ್ದ ಜುಬ್ಬಾ. ಒಂದು ತೋಳಿಗೆ ಮಾತ್ರ ಇಸ್ತ್ರಿ ಆಗಿತ್ತು.

"ಅಯ್ಯೋ, ಇದೊಂದು ಮುಗ್ಸಿ ಆರಿಸ್ಬಾರ್ದಿತ್ತಾ?"

"ಇವತ್ತಿಂದ್ಲೇ ಅಂದ್ಬುಟ್ರಲ್ಲಾ," ಎಂದರು ಮಹದೇವಮ್ಮ. ದನಿಯಲ್ಲಿ ಕೋಪವೇ ಇರಲಿಲ್ಲ, ನನಗೆ ಅದೇ ಸಂಕಟವಾಯಿತು. ಉಳಿದ ಬಟ್ಟೆಗಳನ್ನು ಸುಕ್ಕಿನಲ್ಲೇ ಮನೆಮನೆಗೆ ಹಿಂತಿರುಗಿಸಿ, ಇನ್ನೂ ಬೆಚ್ಚಗಿದ್ದ ಪೆಟ್ಟಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು ಹೊರಟುಹೋದರು.

ಮಧ್ಯಾಹ್ನ ಅದೇ ದಾರಿಯಲ್ಲಿ ಬಂದೆ. ಜಾಗ ಖಾಲಿಯಿರಲಿಲ್ಲ. ಹೊಂಗೆಯ ನೆರಳಿನಲ್ಲಿ ಅಧ್ಯಕ್ಷರ ಎರಡನೇ ಕಾರು ತಣ್ಣಗೆ ನಿಂತಿತ್ತು.