ಕದಿನಕ್ಕೊಂದು ಬತ್ತಿ, ಶೇಕಬ್ಬರಿಗೊಂದು

ಕಾಪುವಿನಿಂದ ಸ್ವಲ್ಪ ಒಳಗೆ ಒಂದು ದೇವಸ್ಥಾನ. ಅದರ ಗೋಡೆಯಾಚೆ ಕೊಯ್ಲು ಮುಗಿದ ಗದ್ದೆ. ಬೆಳಕು ಹರಿಯುವ ಮೊದಲೇ ಆ ಗದ್ದೆಯ ನಡುವೆ ಕುಕ್ಕರುಗಾಲಲ್ಲಿ ಕೂತ ಶೇಕಬ್ಬ ಬ್ಯಾರಿ, ಕಬ್ಬಿಣದ ಪಾತ್ರೆಯೊಂದಕ್ಕೆ ಕರಿಮದ್ದು ತುಂಬುತ್ತಿದ್ದಾರೆ. ಪಾತ್ರೆ ಅಕ್ಕಿ ಅಳೆಯುವ ಸೇರಿಗಿಂತ ಒಂದಿಷ್ಟು ದೊಡ್ಡದು. ಎತ್ತಲು ಹೋದರೆ ಮಾತ್ರ ಅಕ್ಕಿ ಮುಡಿಯ ನೆನಪು ಬರುತ್ತದೆ. ಇದರ ಹೆಸರು ಕದಿನ. ಮದ್ದಿನ ಮೇಲೆ ಇಟ್ಟಿಗೆ ಪುಡಿ ಸುರಿದು ಮರದ ಕೋಲಿನಿಂದ ಜಜ್ಜುತ್ತಾರೆ. ಎರಡು ಏಟು, ಒಂದು ನಿಟ್ಟುಸಿರು, ಮತ್ತೆ ಎರಡು ಏಟು. ಭುಜ ಬೇಡ ಅನ್ನುತ್ತದೆ, ಕೈ ಕೇಳುವುದಿಲ್ಲ.

ಕಿವಿಯೂ ಕೇಳುವುದಿಲ್ಲ. ಕತೆ ಇರುವುದೇ ಅಲ್ಲಿ.

ಎಲೆಮರೆಯ ಕಾಯಿ ಅಂದರೆ ಸದ್ದಿಲ್ಲದೆ ದುಡಿಯುವವರು ಎಂದು ನಾವೆಲ್ಲ ತಿಳಿದಿದ್ದೇವೆ. ಶೇಕಬ್ಬ ಸದ್ದು ಮಾಡಿಯೇ ಎಲೆಯ ಮರೆಯಲ್ಲಿ ಉಳಿದವರು. ಕಾಪುವಿನಿಂದ ಸಂತೆಕಟ್ಟೆಯವರೆಗೆ ಅವರ ಸದ್ದು ಕೇಳದವರಿಲ್ಲ, ಅವರ ಹೆಸರು ಕೇಳಿದವರಿಲ್ಲ. ದೇವಸ್ಥಾನದ ಬಲಿಗೆ ಅವರೇ, ಇಗರ್ಜಿಯ ಹಬ್ಬಕ್ಕೆ ಅವರೇ, ದರ್ಗಾದ ಉರೂಸಿಗೆ ಅವರೇ. ಚುನಾವಣೆಯಲ್ಲಿ ಗೆದ್ದವರಿಗೂ ಅವರದ್ದೇ ಗರ್ನಾಲು. ಸೋತವರು ಅದೇ ಸದ್ದಿಗೆ ಬಾಗಿಲು ಹಾಕಿಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ.

ದೇವಸ್ಥಾನದಲ್ಲಿ ಅರ್ಚಕರು ದೇವರನ್ನು ತಲೆಯ ಮೇಲೆ ಹೊತ್ತು ಬಲಿಗೆ, ಅಂದರೆ ಗುಡಿಯ ಸುತ್ತು ಬರಲು, ಹೊರಡುವಾಗ ಒಳಗೆ ಶಂಖ ಊದುತ್ತಾರೆ. ಶಂಖಕ್ಕೆ ಸರಿಯಾಗಿ ಹೊರಗೆ ಕದಿನ ಸಿಡಿಯಬೇಕು. ಶೇಕಬ್ಬರನ್ನು ಗೋಡೆಯಾಚೆ ನಿಲ್ಲಿಸಿದ್ದು ಎರಡು ಭಯ: ಒಂದು ಮದ್ದಿನದು, ಇನ್ನೊಂದು ಮಡಿಯದು. ಗೋಡೆ ಅಡ್ಡ ಇರುವುದರಿಂದ ನೋಡಿ ತಿಳಿಯುವ ಹಾಗಿಲ್ಲ, ಕೇಳಿಯೇ ತಿಳಿಯಬೇಕು. ಎಡಗಿವಿಗೆ ಬಾಯಿಟ್ಟು ಕಿರುಚಿದರೆ ನಾಲ್ಕು ಮಾತು ಒಳಗೆ ಹೋಗುತ್ತದೆ. ಬಲಗಿವಿ ಬಾಗಿಲು ಮುಚ್ಚಿ ವರ್ಷಗಳಾದವು. ಈ ವಿಷಯ ದೇವಸ್ಥಾನದವರಿಗೆ ಗೊತ್ತಿಲ್ಲ. ಗೊತ್ತಾದರೆ ಕೆಲಸ ಹೋಗುತ್ತದೆ.

ಹಾಗಾಗಿ ಹೆಂಡತಿ ಹಲೀಮಾ ಬಂದಿದ್ದಾರೆ. ದೂರದ ಗದ್ದೆಬದುವಿನ ಮೇಲೆ ಎಲೆಯಡಿಕೆಯ ಚೀಲ ಮಡಿಲಲ್ಲಿಟ್ಟು ಕೂತಿದ್ದಾರೆ. ಅವರ ಕೈಯಿಂದ ಹೊರಟ ತೆಂಗಿನ ನಾರಿನ ಹಗ್ಗವೊಂದು ಕೂಳೆಗಳ ನಡುವೆ ಹರಿದು ಬಂದು ಶೇಕಬ್ಬರ ತೋಳಿಗೆ ಸುತ್ತಿಕೊಂಡಿದೆ. ಶಂಖ ಕೇಳಿದಾಗ ಒಮ್ಮೆ ಜಗ್ಗಿದರೆ ಕೊಳ್ಳಿ ಕೊಡುವುದು. ಎರಡು ಸಲ ಜಗ್ಗಿದರೆ ತಡೆಯುವುದು. ಗಂಡನಿಗೆ ಮೂಗುದಾರ ಹಾಕಿದ ಹೆಂಡತಿಯರು ಊರಲ್ಲಿ ಬೇಕಾದಷ್ಟಿದ್ದಾರೆ. ಕಿವಿದಾರ ಹಾಕಿದವರು ಇವರೊಬ್ಬರೇ. ಕಾಯಿಯ ಮರೆಯಲ್ಲೂ ಒಂದು ಕಾಯಿ.

ಕಳೆದ ವರ್ಷ ಹಲೀಮಾ ಜ್ವರದಲ್ಲಿ ಮಲಗಿದ್ದರು. ಶೇಕಬ್ಬ ಒಬ್ಬರೇ ಬಂದರು. ಶಂಖ ಊದಿದರೆ ದೇವಸ್ಥಾನದ ಅಶ್ವತ್ಥದ ಕಾಗೆಗಳು ಏಳುತ್ತವೆ ಎಂಬ ಧೈರ್ಯ. ಕಾಗೆಗಳು ಎದ್ದವು, ಶೇಕಬ್ಬ ಕೊಳ್ಳಿ ಕೊಟ್ಟರು. ಕಾಗೆ ಎದ್ದದ್ದು ಶಂಖಕ್ಕಲ್ಲ, ಮರ ಹತ್ತಿದ ಬೆಕ್ಕಿಗೆ. ಅರ್ಚಕರು ಆಗಿನ್ನೂ ಕೆರೆಯಲ್ಲಿ ಮುಳುಗಿದ್ದರು. ಏಳುವುದೋ ಬೇಡವೋ ಎಂದು ನೀರೊಳಗೇ ಯೋಚಿಸಿದರಂತೆ. ಮೊಕ್ತೇಸರ ಉಮಾನಾಥ ಶೆಟ್ಟರು ನಗಲಿಲ್ಲ. ಇನ್ನೊಮ್ಮೆ ಹೀಗಾದರೆ ಕದಿನದ ಸದ್ದನ್ನು ಕ್ಯಾಸೆಟ್ಟಿನಲ್ಲಿ ಹಾಕುವುದು, ಪರ್ಕಳದ ಪೀಟರ್ ಹತ್ತಿರ ಮೈಕಿನ ಸೆಟ್ಟು ಉಂಟು ಎಂದುಬಿಟ್ಟರು.

ಈ ಸಲ ಪೀಟರ್ ಬಂದೇ ಬಿಟ್ಟಿದ್ದಾನೆ. ತೆಂಗಿನ ಮರಕ್ಕೆ ಅವನ ಮೈಕಿನ ಹೂವು ಅರಳಿದೆ. ಶೇಕಬ್ಬರನ್ನು ಕಳಿಸುವ ಕ್ಯಾಸೆಟ್ಟಿಗೆ ಶೇಕಬ್ಬರದೇ ಸದ್ದು ಬೇಕು ಎಂಬುದು ತಮಾಷೆ. ಪಾಪದ ಹುಡುಗ, ಮೊದಲೇ ಬಂದು ಅವರ ಎಡಗಿವಿಗೆ ಕೂಗಿ ಅನುಮತಿ ಕೇಳಿದ್ದ. ಶೇಕಬ್ಬ ಹೇಳಿದ್ದು ಇಷ್ಟೇ: "ತಗೊಂಡು ಹೋಗು ಮಾರಾಯ. ನನಗೂ ಹೊತ್ತು ಹೊತ್ತು ಸಾಕಾಗಿದೆ."

ಸಾಕಾಗದೆ ಇನ್ನೇನು. ಈ ಮದ್ದು ಹೊತ್ತ ಭುಜಗಳು ಎಷ್ಟೋ ತಲೆಮಾರಿನವು. ಮುತ್ತಜ್ಜ ಯಾವುದೋ ಕೋಟೆಯಲ್ಲಿ ಫಿರಂಗಿಗೆ ಮದ್ದು ತುಂಬುತ್ತಿದ್ದರಂತೆ. ಯಾವ ರಾಜ ಎಂದು ಕೇಳಿದರೆ ಶೇಕಬ್ಬರ ಉತ್ತರ, "ಸಂಬಳ ಕೊಡದ ರಾಜ." ಕತ್ತಿಯ ಕಾಲದಲ್ಲಿ ಕೊಲ್ಲುವವನು ಸಾಯುವವನ ಮುಖವನ್ನಾದರೂ ನೋಡಬೇಕಿತ್ತು. ಮದ್ದು ಬಂದ ಮೇಲೆ ಆ ದಾಕ್ಷಿಣ್ಯವೂ ತಪ್ಪಿತು. ಗೋಡೆ ದಪ್ಪ ಇದ್ದವನೇ ದೊರೆ ಎಂಬ ಲೆಕ್ಕ ಬುಡಮೇಲಾಗಿ, ಕೋಟೆಗಳು ಬಿದ್ದವು. ಬಿದ್ದ ಕಲ್ಲು ಯಾರ್ಯಾರದೋ ಮನೆಯ ಬುಡದ ಪಂಚಾಂಗಕ್ಕೆ ಹೋಯಿತು. ಕೆಲಸ ಕಳೆದುಕೊಂಡ ಫಿರಂಗಿ ಕುಗ್ಗಿ ಕುಗ್ಗಿ ಸೇರಿನಷ್ಟಾಗಿ ದೇವಸ್ಥಾನದ ಗದ್ದೆಗೆ ಬಂದು ಕೂತಿತು. ನಮ್ಮ ಕಡೆ ಬೆಡಿ ಅಂದರೆ ಹಂದಿ ಹೊಡೆಯುವ ಕೋವಿಯೂ ಹೌದು, ಉತ್ಸವದ ಪಟಾಕಿಯೂ ಹೌದು. ಭಾಷೆಗೆ ಎರಡೂ ಒಂದೇ. ಹಂದಿಗೆ ಮಾತ್ರ ಬೇರೆ.

ಅಪ್ಪ ಕಾರ್ಕಳದ ಕಲ್ಲುಕೋರೆಗೆ ಬಂಡೆ ಸಿಡಿಸಲು ಹೋಗಿ ಮೂರು ಬೆರಳು ಅಲ್ಲೇ ಬಿಟ್ಟು ಬಂದರು. ಅಳಿಯ ಗಲ್ಫಿನ ಬಂದರಿನಲ್ಲಿದ್ದಾನೆ. ಇರಾನ್ ಮತ್ತು ಇರಾಕ್ ಹೊಡೆದಾಡುವ ಸದ್ದು ಅವನ ಕೋಣೆಯವರೆಗೆ ಬರುತ್ತದೆ. ರಜೆಯಲ್ಲಿ ಬಂದಾಗ ಮಾವನ ಕದಿನ ಸಿಡಿದರೆ ಊಟದ ತಟ್ಟೆ ಬಿಟ್ಟು ಗೋಡೆಯ ಬುಡಕ್ಕೆ ಓಡುತ್ತಾನೆ. "ಅಲ್ಲಿಯೂ ಮದ್ದೇ, ಇಲ್ಲಿಯೂ ಮದ್ದೇ," ಎನ್ನುತ್ತಾರೆ ಶೇಕಬ್ಬ. "ಇಲ್ಲಿ ಸಿಡಿದರೆ ಜನ ಕೈ ಮುಗಿಯುತ್ತಾರೆ. ಅಲ್ಲಿ ಸಿಡಿದರೆ ಕೈ ಎತ್ತುತ್ತಾರೆ."

ಕಿವಿ ತೋರಿಸಲು ಒಮ್ಮೆ ಮಣಿಪಾಲಕ್ಕೆ ಹೋಗಿದ್ದರು. ಆಗ ಎಡಗಿವಿ ಇನ್ನೂ ಗಟ್ಟಿ ಇತ್ತು. ನರ್ಸ್ ಮೇಬಲ್ ಎಂತ ಕೆಲಸ ಎಂದು ಕೇಳಿದರು. ಶೇಕಬ್ಬ, ಮದ್ದಿನ ಕೆಲಸ, ಮನೆಯಲ್ಲೇ ಅರೆಯುವುದು ಎಂದರು. ನಾಟಿ ವೈದ್ಯರಿರಬೇಕು ಎಂದುಕೊಂಡ ಮೇಬಲ್ ಛೇಡಿಸಿದರು: "ಹಾಗಾದರೆ ನಿಮ್ಮ ಮದ್ದನ್ನೇ ಕಿವಿಗೆ ಹಾಕಬಹುದಿತ್ತಲ್ವಾ?"

"ಹಾಕಿಯೇ ಹೀಗಾದದ್ದು ಸಿಸ್ಟರ್."

ನರ ಸತ್ತಿದೆ, ಇನ್ನು ಮಾಡುವಂಥದ್ದು ಏನೂ ಇಲ್ಲ ಎಂದರು ಡಾಕ್ಟರು. ಮದ್ದಿನಿಂದ ಹೋದದ್ದಕ್ಕೆ ಮದ್ದಿಲ್ಲ. ಮರುದಿನ ಹಲೀಮಾ ಬಾವಿಯ ಹಳೇ ಹಗ್ಗ ಬಿಚ್ಚಿ ಅಂಗಳದಲ್ಲಿ ಉದ್ದ ಅಳೆಯುತ್ತಿದ್ದರು.

ಗದ್ದೆಗೆ ಬೆಳಕು ಬಂದಿದೆ. ಪೀಟರ್ ತನ್ನ ಟೇಪ್‌ರೆಕಾರ್ಡರ್ ಹಿಡಿದು ಸುರಕ್ಷಿತ ಜಾಗ ಹುಡುಕುತ್ತ ಬಂದು ಹಲೀಮಾರ ಮಗ್ಗುಲಲ್ಲೇ ಬದುವಿನ ಮೇಲೆ ಇಟ್ಟು ಹೋಗುತ್ತಾನೆ. ಅವರು ಅದನ್ನು ಹಾಡಲಾರದ ರೇಡಿಯೊ ಎಂದುಕೊಂಡು ಸೆರಗಿನಿಂದ ಅದರ ಮೇಲಿನ ಇಬ್ಬನಿ ಒರೆಸುತ್ತಾರೆ. ಶೇಕಬ್ಬ ಉದ್ದ ಕೋಲಿನ ತುದಿಗೆ ಕೆಂಡ ಸಿಕ್ಕಿಸಿ ನಿಂತಿದ್ದಾರೆ. ಅಶ್ವತ್ಥದ ಕಡೆ ನೋಡುವುದಿಲ್ಲ. ಕಾಗೆಗಳ ಮೇಲೆ ನಂಬಿಕೆ ಹೋಗಿದೆ. ನೋಡುವುದು ತೋಳಿನ ಹಗ್ಗವನ್ನು.

ಹಗ್ಗ ಒಮ್ಮೆ ಬಿಗಿಯುತ್ತದೆ. ಕೆಂಡ ಬಾಗುತ್ತದೆ. ಗದ್ದೆ ಒಮ್ಮೆ ಅದುರಿ, ಹೊಗೆ ಏಳುತ್ತದೆ. ಕಾಗೆಗಳು ಈಗ ಏಳುತ್ತವೆ. ಸಿಡಿಯಿತು ಎಂದು ಶೇಕಬ್ಬರಿಗೆ ಖಾತ್ರಿಯಾಗುವುದು ಅವುಗಳಿಂದಲೇ.

ಬಲಿ ಮುಗಿದ ಮೇಲೆ ಗೋಡೆಯ ಹೊರಗಿನ ಕಟ್ಟೆಯಲ್ಲಿ ಪೀಟರ್ ಕ್ಯಾಸೆಟ್ ಹಾಕುತ್ತಾನೆ. ಉಮಾನಾಥ ಶೆಟ್ಟರು, ದೇವಸ್ಥಾನದ ಆಫೀಸಿನ ಅಣ್ಣು, ಕದಿನ ಹೊತ್ತು ಹೊರಟಿದ್ದ ದಂಪತಿ, ಎಲ್ಲರೂ ಸುತ್ತ ನಿಂತಿದ್ದಾರೆ. ಮೊದಲು ಶಂಖ. ಆಮೇಲೆ ಪೆಟ್ಟಿಗೆಯಿಂದ ಹೆಂಗಸಿನ ಸ್ವರವೊಂದು, ಸ್ಪಷ್ಟವಾಗಿ: ಬಿಸ್ಮಿಲ್ಲಾ. ಅದರ ಬೆನ್ನಿಗೆ, ಒದ್ದೆ ಬೈರಾಸು ಒಗೆಯುವ ಕಲ್ಲಿಗೆ ಬಡಿದಂತೆ ಒಂದು ಟಪ್. ಫಿರಂಗಿಯ ವಂಶ ಅಲ್ಲಿಗೆ ಮುಗಿಯಿತು.

ಅಣ್ಣು ನಗು ತಡೆಯಲು ತಿರುಗಿ ನಿಲ್ಲುತ್ತಾನೆ. ಹಲೀಮಾ ನೆಲ ನೋಡುತ್ತಾರೆ. ಹಗ್ಗದ ಸುರುಳಿ ಅವರ ಕೈಯಲ್ಲೇ ಇದೆ, ಇನ್ನೊಂದು ತುದಿ ಗಂಡನ ತೋಳಲ್ಲಿ, ಬಿಚ್ಚಲು ಮರೆತಿದ್ದಾರೆ. ಶೆಟ್ಟರ ಕಣ್ಣು ಆ ತುದಿಯಿಂದ ಈ ತುದಿಗೆ ನಿಧಾನವಾಗಿ ಹೋಗುತ್ತದೆ.

"ನಿಮಗೆ ಕಿವಿ ಕೇಳುವುದಿಲ್ವಾ ಬ್ಯಾರಿಗಳೆ?"

ಶೇಕಬ್ಬ ನಕ್ಕು ತಲೆಯಾಡಿಸುತ್ತಾರೆ. "ಹೌದು ಶೆಟ್ರೆ, ಈ ಸಲ ಮದ್ದು ಒಳ್ಳೆ ಒಣಗಿತ್ತು."

ಪೀಟರ್ ಕ್ಯಾಸೆಟ್ ತೆಗೆದು ಜೇಬಿಗೆ ಹಾಕುತ್ತಾನೆ. ಕದಿನದವರಿಗೆ ಪ್ರತಿ ವರ್ಷ ಸಲ್ಲುವುದು ಒಂದು ತೆಂಗಿನಕಾಯಿ, ಒಂದು ಕಟ್ಟು ವೀಳ್ಯದೆಲೆ. ಅಣ್ಣು ಅದನ್ನು ತಂದಾಗ ಶೆಟ್ಟರು ಇನ್ನೊಂದು ಜೊತೆ ತರಲು ಹೇಳುತ್ತಾರೆ. ಅಣ್ಣುವಿಗೆ ಅರ್ಥವಾಗುವುದಿಲ್ಲ.

"ಒಂದು ಅವರ ಕೈಗೆ. ಒಂದು ಅವರ ಕಿವಿಗೆ," ಎಂದು ಶೆಟ್ಟರು ಹಲೀಮಾರ ಕಡೆ ಗದ್ದದಿಂದ ತೋರಿಸಿ ಒಳಗೆ ಹೋಗುತ್ತಾರೆ. ಮೈಕಿನ ಹೂವು ಇಳಿಸು ಎಂದು ಪೀಟರನಿಗೆ ಹೇಳಲು ಮರೆಯುವುದಿಲ್ಲ.

ಬದುವಿನ ಮೇಲೆ ಇಬ್ಬರೂ ಮನೆಯ ಕಡೆ ನಡೆಯುತ್ತಾರೆ. ಮುಂದೆ ಕದಿನ ಹೊತ್ತ ಶೇಕಬ್ಬ, ಹಿಂದೆ ಎರಡು ತೆಂಗಿನಕಾಯಿ ಸೆರಗಿನಲ್ಲಿ ಕಟ್ಟಿಕೊಂಡ ಹಲೀಮಾ, ನಡುವೆ ಬಿಚ್ಚದ ಹಗ್ಗ. ಆದದ್ದನ್ನೆಲ್ಲ ಹಲೀಮಾ ಗಂಡನ ಎಡಗಿವಿಗೆ ಹೇಳಿ ಮುಗಿಸಿದ್ದಾರೆ. ಶೇಕಬ್ಬ ಕದಿನವನ್ನು ಈ ಭುಜದಿಂದ ಆ ಭುಜಕ್ಕೆ ಬದಲಿಸುತ್ತಾರೆ.

"ಹಾಗಾದರೆ ಬರುವ ವರ್ಷವೂ ಹೊರಬೇಕಾ?" ಎಂದು ತಿರುಗದೆ ಕೇಳುತ್ತಾರೆ.

ಹಲೀಮಾ ಸೆರಗಿನ ಕಾಯಿಗಳನ್ನು ಬಿಗಿಮಾಡಿಕೊಳ್ಳುತ್ತಾರೆ. ಆಮೇಲೆ ಹಗ್ಗವನ್ನು ಮೆಲ್ಲಗೆ ಜಗ್ಗುತ್ತಾರೆ. ಒಮ್ಮೆ.