ಭೂತಗನ್ನಡಿ ಭಾವ ನೋಡಿದ ದೋಣಿ

ಊರಿನ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವರ ಕೆಲಸ. ಲೋಟವನ್ನು ಬೆಳಕಿಗೆ ಹಿಡಿದು ನೋಡದೆ ಮನೆಯಲ್ಲೂ ನೀರು ಕುಡಿದವರಲ್ಲ. ಹೆಂಡತಿಯ ಕಡೆಯವರು ಅವರಿಗಿಟ್ಟ ಹೆಸರು ಭೂತಗನ್ನಡಿ ಭಾವ.

ಭಾವನಿಗೆ ಇದ್ದದ್ದು ಒಂದೇ ಆಸೆ. ರಜೆಯಲ್ಲಿ ಹೆಂಡತಿ, ಮಗಳ ಜೊತೆ ಕರಾವಳಿಯುದ್ದಕ್ಕೂ ಸಾಗಿ, ಒಳಗೇ ಅಡುಗೆ ಮಾಡಿ, ಒಳಗೇ ಮಲಗಿ ಬರುವಂಥ ಒಂದು ಹಾಯಿದೋಣಿ. ಹೊಸದು ಕೈಗೆಟುಕದು, ಬಳಸಿದ್ದಾದರೆ ಸಾಕು. ಹಾಗಾಗಿ ಭಾನುವಾರ ಬಂತೆಂದರೆ, ಮಾರಾಟಕ್ಕೆಂದು ದಡಕ್ಕೆಳೆದು ನಿಲ್ಲಿಸಿದ ದೋಣಿಗಳ ತಪಾಸಣೆ. ತಳವನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುವರು. ಗಟ್ಟಿಯಿದ್ದರೆ 'ಠಣ್', ಒಳಗೆ ನೀರು ಹೊಕ್ಕಿದ್ದರೆ 'ದಬ್'. ಒಂದಕ್ಕೆ ತಳ ಸರಿಯಿಲ್ಲ, ಒಂದಕ್ಕೆ ಎಂಜಿನ್ ಕೆಮ್ಮುತ್ತದೆ, ಇನ್ನೊಂದರ ಒಳಗೆಲ್ಲ ಬೂಷ್ಟಿನ ವಾಸನೆ, ಹಾಯಿಯ ಹೊಲಿಗೆಯೂ ಸಡಿಲ.

"ನೀವು ಹೀಗೇ ಅಳೆದೂ ಸುರಿದೂ ಮಾಡ್ತಿರಿ, ಮಗಳಿಗೇ ಮಕ್ಕಳಾಗುತ್ತೆ," ಎನ್ನುತ್ತಿದ್ದಳು ಹೆಂಡತಿ.

ಕೊನೆಗೊಂದು ನೀಲಿ ದೋಣಿ ಸಿಕ್ಕಿತು. ತಟ್ಟಿದಲ್ಲೆಲ್ಲ ಠಣ್. ಒಳಗೆ ಕಾಲು ಚಾಚಿ ಮಲಗಿ ನೋಡಿದರೆ ಹಲಗೆ ತಮಗೆಂದೇ ಕೊಯ್ದಂತಿತ್ತು. ಆದರೂ ಭಾವ, "ಟಾಯ್ಲೆಟ್ ಬಾಗಿಲು ಸರಿಯಾಗಿ ಮುಚ್ಚಲ್ಲ. ಇನ್ನೊಂದು ವಾರ ನೋಡೋಣ," ಎಂದು ಇಳಿದು ಬಂದರು. ಅಂದು ಜೊತೆಗಿದ್ದವನು ಷಡ್ಡಕ, ನಾದಿನಿಯ ಗಂಡ. ಟೈರ್ ಅಂಗಡಿ ಇಟ್ಟವನು. ಬುಧವಾರ ಅವನ ಫೋನ್ ಬಂತು.

"ಭಾವ, ಆ ನೀಲಿ ದೋಣಿ ನಾನೇ ತಗೊಂಡ್ಬಿಟ್ಟೆ!"

"ಬಾಗಿಲು ಮುಚ್ಚಲ್ಲ ಅಂದಿದ್ನಲ್ಲಪ್ಪ?"

"ಅದಕ್ಕೇ ತಗೊಂಡಿದ್ದು! ಬೇರೆ ದೋಣಿಗಳ ತಪ್ಪು ನಿಮ್ಮ ಬಾಯಲ್ಲಿ ಕೇಳೋಕೆ ಕುರ್ಚಿ ಹಾಕ್ಕೊಂಡು ಕೂರಬೇಕು. ಇದರದ್ದು ನಿಂತಲ್ಲೇ ಮುಗೀತು. ನಿಮ್ಮ ಕಣ್ಣಿಗೇ ಅಷ್ಟೇ ಕಂಡಿದೆ ಅಂದ್ಮೇಲೆ ಅಪರಂಜಿ ಅಲ್ವಾ?"

ಅಂದು ಭಾವನಿಗೆ ಊಟ ಸೇರಲಿಲ್ಲ. "ಟೈರಿಗೆ ಗಾಳಿ ತುಂಬೋನು ಹಾಯಿಗೆ ಗಾಳಿ ಹಿಡೀತಾನಂತೆ!" ಎಂದು ತಟ್ಟೆ ಸರಿಸಿದರು.

ಹೆಂಡತಿ ಮೂಗರಳಿಸಿದಳು. "ಏನೋ ಸುಟ್ಟ ವಾಸನೆ. ಒಲೆ ಆರಿಸಿ ಆಗಲೇ ಎಷ್ಟೊತ್ತಾಯ್ತು!"

ಭಾನುವಾರ, ನೀರಿಗಿಳಿಸಿ ಕಟ್ಟಿದ್ದ ದೋಣಿಯನ್ನು ಎರಡೂ ಸಂಸಾರ ಹತ್ತಿತು. ಎಲ್ಲರೂ ಮೇಲಿದ್ದಾಗ ಭಾವ ಒಳಗಿಳಿದು, ನೆಲದ ಹಲಗೆ ಎತ್ತಿ, ತಳದವರೆಗೆ ಕೈ ತೂರಿಸಿದರು. ದಿನವೂ ನೀರಿನಲ್ಲಿ ದೋಷ ಹುಡುಕುವವರು ಇಂದು ನೀರನ್ನೇ ಹುಡುಕುತ್ತಿದ್ದರು. ಒಂದು ಹನಿ, ಬರೀ ಒಂದು ಹನಿ ಸಿಕ್ಕಿದ್ದರೂ ಜೀವ ತಣ್ಣಗಾಗುತ್ತಿತ್ತು. ಕೈಗೆ ಬಂದದ್ದು ಒಣ ಧೂಳು.

"ಏನ್ ಕಳ್ಕೊಂಡ್ರಿ ಭಾವ?" ನಾದಿನಿ ಮೇಲಿಂದ ಬಗ್ಗಿ ಕೇಳಿದಳು.

"ಏನಿಲ್ಲಮ್ಮ."

ಮೇಲೆ ಬಂದರೆ, ಸ್ವಂತ ಮಗಳು ಚಿಕ್ಕಪ್ಪನ ಪಕ್ಕ ಕೂತು ಚುಕ್ಕಾಣಿ ಹಿಡಿಯುವುದನ್ನು ಕಲಿಯುತ್ತಿದ್ದಾಳೆ, ಕಿಲಕಿಲ ನಗುತ್ತಿದ್ದಾಳೆ. ಭಾವನಿಗೆ ತಡೆಯಲಾಗಲಿಲ್ಲ.

"ಯಾವತ್ತಾದ್ರೂ ಇದನ್ನ ಮಾರೋದಾದ್ರೆ ಮೊದಲು ನಂಗೇ ಹೇಳ್ಬೇಕು!"

ಆ ದನಿಗೆ ಷಡ್ಡಕನ ನಗು ನಿಂತಿತು. "ಇದರ ಮೇಲೇ ನಿಮಗೆ ಮನಸ್ಸಿತ್ತಾ? ನಂಗೆ ನಿಜವಾಗ್ಲೂ ಗೊತ್ತಾಗ್ಲಿಲ್ಲ ಭಾವ. ಯಾವತ್ತೋ ಯಾಕೆ, ಈಗಲೇ ತಗೊಳ್ಳಿ. ನಾನು ಕೊಟ್ಟಷ್ಟೇ ಕೊಡಿ. ಹ್ಞೂಂ ಅನ್ನಿ, ಸಾಕು."

ನಾದಿನಿಯ ಮುಖ ಸಣ್ಣಗಾಯಿತು, ಆದರೂ ತಲೆಯಾಡಿಸಿದಳು. ಹೆಂಡತಿ ಕಣ್ಣಲ್ಲೇ 'ಅನ್ರೀ' ಎಂದಳು. ಭಾವ ಬಾಯಿ ತೆರೆದರು. ಕಣ್ಣು ಮಾತ್ರ ತನ್ನಷ್ಟಕ್ಕೆ ತಾನೇ ಹಾಯಿಕಂಬವನ್ನು ಏರತೊಡಗಿತು.

"ಆಯ್ತು... ಆದ್ರೆ ಕಂಬದ ತುದಿ ಒಂದು ನಾನು ನೋಡಿಲ್ಲ. ಯಾರಾದ್ರೂ ಹತ್ತಿ..."

ಯಾರೂ ನಗಲಿಲ್ಲ. "ಸರಿ ಬಿಡಿ ಭಾವ," ಎಂದು ಷಡ್ಡಕ ಮೆಲ್ಲಗೆ ಹಗ್ಗ ಬಿಚ್ಚಿದ. ಹಾಯಿ ಉಬ್ಬಿತು, ದೋಣಿ ಒಂದು ಪಕ್ಕಕ್ಕೆ ವಾಲಿ ಓಡತೊಡಗಿತು. ಭಾವ ಅಂಚಿನಲ್ಲಿ ಕೂತು, ಚುಕ್ಕಾಣಿ ಹಿಡಿದ ಅವನ ಕೈಯನ್ನೇ ದಿಟ್ಟಿಸಿದರು. ಎಷ್ಟು ನೋಡಿದರೂ ಅದರಲ್ಲೊಂದು ತಪ್ಪು ಸಿಗಲಿಲ್ಲ.